ರೆಡ್ ಅಲರ್ಟ್, ರಜೆಯ ಪಿಡಿಎಫ್, ಶನಿವಾರದ ಚಾರ್ಮಾಡಿ: ಹೊರಡೋದಾ, ಬೇಡ್ವಾ?

ಹಾಸ್ಟೆಲ್ ಕಿಟಕಿ

ಮಂಗಳೂರಿನ ಡಿಗ್ರಿ ವಿದ್ಯಾರ್ಥಿಗಳು ನಾವು, ಐದು ಜನ. ಶನಿವಾರ ಚಾರ್ಮಾಡಿ ಘಾಟಿ ಹತ್ತಿ ನೆತ್ತಿಯ ಕೊಟ್ಟಿಗೆಹಾರದವರೆಗೆ ಹೋಗಿ ಸಂಜೆಗೆ ವಾಪಸ್ ಬರುವ ಯೋಚನೆ. ಮೂವರು ಬಸ್ಸಿಗೆ, ಇಬ್ಬರು ಬೈಕಿಗೆ ಅಂತಿದ್ದಾರೆ. ಒಂದು ಚಾನೆಲ್‌ನಲ್ಲಿ ‘ಕರಾವಳಿಗೆ ರೆಡ್’, ಇನ್ನೊಂದರಲ್ಲಿ ‘ದಕ್ಷಿಣ ಒಳನಾಡಿಗೆ ಆರೆಂಜ್’. ವಾಟ್ಸಾಪ್‌ನಲ್ಲಿ ನಾಳೆ ರಜೆ ಅಂತ ಒಂದು ಪಿಡಿಎಫ್ ಓಡಾಡ್ತಿದೆ. ಹೊರಗೆ ನೋಡಿದರೆ ಬಿಸಿಲು. ಅಲರ್ಟನ್ನು ಓದೋದು ಹೇಗೆ? ಆ ಆದೇಶ ನಿಜವೋ ಸುಳ್ಳೋ ಗೊತ್ತಾಗೋದು ಹೇಗೆ? ಘಾಟಿಗೆ ಹೋಗೋದಾದ್ರೆ ಯಾವುದನ್ನು ನೋಡಿ ತೀರ್ಮಾನ ಮಾಡಬೇಕು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಕೆಂಪುಕಲ್ಲು

ರೆಡ್ ಅಂದ್ರೆ 20 ಸೆಂ.ಮೀ. ಮೇಲೆ ಮಳೆ, ಆರೆಂಜ್ ಅಂದ್ರೆ 11ರಿಂದ 20, ಯೆಲ್ಲೋ ಅಂದ್ರೆ 6ರಿಂದ 11. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಮಳೆಮಾಪಕ

ಅಷ್ಟೇ ಸಾಲದು ಮಾರಾಯ್ರೆ. ಆ ಅಂಕಿಗಳು ಬಣ್ಣದ್ದಲ್ಲ, ಮಳೆಯ ವರ್ಗದ್ದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಬಿದ್ದರೆ ‘ಭಾರಿ’, 115.6ರಿಂದ 204.4 ಬಿದ್ದರೆ ‘ಅತಿ ಭಾರಿ’, ಅದರ ಮೇಲೆ ಹೋದರೆ ‘ಅತ್ಯಂತ ಭಾರಿ’. ಬಣ್ಣ ಕೊಡುವಾಗ ಎರಡು ಸಂಗತಿ ನೋಡುತ್ತಾರೆ: ಅಷ್ಟು ಮಳೆ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಆಗುವ ಹಾನಿ ಎಷ್ಟು. ಹಳದಿ ಅಂದರೆ ‘ಗಮನವಿಡಿ’, ಕಿತ್ತಳೆ ‘ಸಿದ್ಧವಾಗಿರಿ’, ಕೆಂಪು ‘ಕ್ರಮ ಕೈಗೊಳ್ಳಿ’. ನೆಲ ಈಗಾಗಲೇ ನೆನೆದು ಗುಡ್ಡ ಸಡಿಲವಾಗಿದ್ದರೆ ಅದೇ ಮಳೆಗೆ ಹಾನಿ ಹೆಚ್ಚು. ಹಾಗಾಗಿ ಬಣ್ಣ ನೋಡಿ ಸೆಂಟಿಮೀಟರ್ ಊಹಿಸಬೇಡಿ, ಬುಲೆಟಿನ್‌ನಲ್ಲಿ ಬರೆದ ಮಾತನ್ನು ಓದಿ.

ಆ ಮಾತಿನಲ್ಲಿ ಜನ ಬಿಟ್ಟುಬಿಡುವ ಪದ ಒಂದಿದೆ. ‘ಅಲ್ಲಲ್ಲಿ’ ಅಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲುಭಾಗ ಅಥವಾ ಅದಕ್ಕೂ ಕಡಿಮೆ ಕಡೆ. ‘ಬಹುತೇಕ ಎಲ್ಲೆಡೆ’ ಅಂದರೆ ಮುಕ್ಕಾಲಕ್ಕಿಂತ ಹೆಚ್ಚು ಕಡೆ. ‘ಜಿಲ್ಲೆಯ ಅಲ್ಲಲ್ಲಿ ಅತಿ ಭಾರಿ’ ಎಂಬ ಸಾಲು ಟಿವಿಗೆ ಬರುವಷ್ಟರಲ್ಲಿ ‘ಜಿಲ್ಲೆಗೆ ಅತಿ ಭಾರಿ’ ಆಗಿರುತ್ತದೆ. ನಿಮ್ಮ ಕಿಟಕಿಯ ಹೊರಗೆ ಬಿಸಿಲಿರುವುದಕ್ಕೂ ಅಲರ್ಟ್‌ಗೂ ಏನೂ ವಿರೋಧ ಇಲ್ಲ.

ಇನ್ನು ದಿನದ ಲೆಕ್ಕ. ಇಲಾಖೆಯ ಮಳೆ ದಿನ ಬೆಳಗ್ಗೆ 8:30ಕ್ಕೆ ಶುರುವಾಗಿ ಮರುದಿನ 8:30ಕ್ಕೆ ಮುಗಿಯುತ್ತದೆ. ಶನಿವಾರದ ಪತ್ರಿಕೆಯಲ್ಲೋ ವರದಿಯಲ್ಲೋ ಶನಿವಾರದ ಹೆಸರಿನಲ್ಲಿ ‘18 ಸೆಂ.ಮೀ.’ ಕಂಡರೆ ಅದರ ಬಹುಪಾಲು ಶುಕ್ರವಾರ ಹಗಲು, ಶುಕ್ರವಾರ ರಾತ್ರಿ ಸುರಿದದ್ದು. ನಿಮ್ಮ ಶನಿವಾರದ ತಿರುಗಾಟಕ್ಕೆ ಬೇಕಾದ ಎಚ್ಚರಿಕೆಯ ಅವಧಿ ಶನಿವಾರ 8:30ರಿಂದ ಭಾನುವಾರ 8:30. ಐದು ದಿನ ಮುಂಚೆ ಕೊಟ್ಟ ಬಣ್ಣ ಬದಲಾಗುತ್ತಲೇ ಇರುತ್ತದೆ. ಶುಕ್ರವಾರ ಸಂಜೆಯದ್ದನ್ನು ನೋಡಿ, ಶನಿವಾರ ಹೊರಡುವ ಮುಂಚೆ ಇನ್ನೊಮ್ಮೆ ನೋಡಿ.

ಘಟ್ಟದ ತಿರುವು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಚಾರ್ಮಾಡಿಗೆ ಇದು ತುಂಬ ಮುಖ್ಯ.

ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡುತ್ತದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಹಾಸನ ಎಲ್ಲವೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಚಾರ್ಮಾಡಿಯ ಬುಡ ದಕ್ಷಿಣ ಕನ್ನಡ, ನೆತ್ತಿ ಮೂಡಿಗೆರೆ ತಾಲ್ಲೂಕು. ಒಂದೇ ಘಾಟಿ, ಎರಡು ಜಿಲ್ಲೆ, ಎರಡು ಬೇರೆ ಬೇರೆ ಮುನ್ಸೂಚನೆ. ನೀವು ಕೆಳಗೆ ಉಜಿರೆಯ ಆಕಾಶ ನೋಡಿ ಹತ್ತಿದರೆ, ಇಳಿದು ಬರುವ ನೀರು ಮಾತ್ರ ಮೇಲಿನ ಜಿಲ್ಲೆಯಲ್ಲಿ ಬಿದ್ದ ಮಳೆಯದ್ದು. ಎರಡೂ ಜಿಲ್ಲೆಯ ಬಣ್ಣ ನೋಡಲೇಬೇಕು. ಹೆಚ್ಚು ತೀವ್ರ ಯಾವುದೋ ಅದನ್ನೇ ನಿಮ್ಮ ಬಣ್ಣ ಅಂತ ತಿಳ್ಕೊಳ್ಳಿ.

ಒಂದೇ ಜಿಲ್ಲೆಯೊಳಗೂ ಎಷ್ಟು ಅಂತರ ಅನ್ನೋದಕ್ಕೆ ಆಗುಂಬೆ ನೋಡಿ. ವರ್ಷದ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಬಣ್ಣ ಮಾತ್ರ ಇಡೀ ಜಿಲ್ಲೆಗೆ ಒಂದೇ.

ಹಾಸ್ಟೆಲ್ ಕಿಟಕಿ

ಇದು ಗೊತ್ತೇ ಇರಲಿಲ್ಲ, ಧನ್ಯವಾದ. ಹಾಗಾದ್ರೆ ಜಿಲ್ಲೆಗಿಂತ ಸಣ್ಣ ಮಟ್ಟದ ಮಾಹಿತಿ ಎಲ್ಲಿ ಸಿಗುತ್ತೆ?

ಮಳೆಮಾಪಕ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ದಾಖಲಿಸುವ ಮಳೆಮಾಪಕ ಇಟ್ಟಿದ್ದಾರೆ, ಕಾಲು ಗಂಟೆಗೊಮ್ಮೆ ಅಂಕಿ ಕಳಿಸುವಂಥವು. ಹೋಬಳಿವಾರು ಮಳೆ ವರದಿಯಲ್ಲಿ ಬಣಕಲ್, ಕಳಸ ಇಂಥ ಹೆಸರು ಹುಡುಕಿ. ಬಣಕಲ್ ನಿಮ್ಮ ಘಾಟಿಯ ನೆತ್ತಿಗೆ ಹತ್ತಿರದ್ದು. ಹಿಂದಿನ ಮೂರು ದಿನ ಅಲ್ಲಿ ಎಷ್ಟು ಬಿದ್ದಿದೆ ಅಂತ ಕೂಡಿಸಿ ನೋಡಿ. ಗುಡ್ಡ ಜರಿಯೋದು ಒಂದು ದಿನದ ಮಳೆಗಿಂತ ದಿನಗಟ್ಟಲೆ ನೆನೆದ ಮಣ್ಣಿನಿಂದ.

ಹೊರಟ ಮೇಲೆ ಮೊಬೈಲಿನಲ್ಲಿ ‘ಮೌಸಮ್’ ಆ್ಯಪ್‌ನ ಮೂರು ಗಂಟೆಯ ತತ್‌ಕ್ಷಣದ ಮುನ್ಸೂಚನೆ ನೋಡಿ. ಸಿಡಿಲಿಗೆ ‘ದಾಮಿನಿ’ ಆ್ಯಪ್. ಆದರೆ ಆಷಾಢದ ಮಳೆಗೆ ಸಿಡಿಲು ಕಡಿಮೆ. ಅದರ ಕಾಟ ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಹಿಂಗಾರಿನಲ್ಲಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. 30 ಸೆಕೆಂಡಿನ ಒಳಗೆ ಗುಡುಗು ಕೇಳಿದರೆ ಬಯಲು ಬಿಟ್ಟು ಕಟ್ಟಡದೊಳಗೋ ಬಸ್ಸಿನೊಳಗೋ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ.

ಪಿಯು ಮೇಷ್ಟ್ರು

ರಜೆಯ ಪಿಡಿಎಫ್ ಬಗ್ಗೆ ನಾನು ಹೇಳ್ತೇನೆ.

ಮಳೆಗೆ ರಜೆ ಕೊಡುವವರು ಸಾಮಾನ್ಯವಾಗಿ ಜಿಲ್ಲಾಧಿಕಾರಿ. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಆದೇಶ ಕೈಗೆ ಬಂದ ಕೂಡಲೇ ಮೂರು ಸಂಗತಿ ನೋಡಿ.

ಮೊದಲು ದಿನಾಂಕ ಮತ್ತು ವಾರ. ಹಳೇ ವರ್ಷದ ನಿಜವಾದ ಆದೇಶವನ್ನೇ ತೆಗೆದು ದಿನಾಂಕ ತಿದ್ದುವುದು ಅತಿ ಸುಲಭದ ವಂಚನೆ. ತಿದ್ದಿದವರು ತಲೆಬರಹದ ದಿನಾಂಕ ಬದಲಿಸಿ ಒಳಗಿನ ವಾರವನ್ನು ಹಾಗೇ ಬಿಟ್ಟಿರುತ್ತಾರೆ. ಕ್ಯಾಲೆಂಡರ್ ತೆಗೆದು ಎರಡನ್ನೂ ಹೊಂದಿಸಿ ನೋಡಿ. ದಿನಾಂಕದ ಅಂಕಿಗಳನ್ನು ದೊಡ್ಡದು ಮಾಡಿ ನೋಡಿದರೆ ಸುತ್ತಲಿನ ಅಕ್ಷರಕ್ಕಿಂತ ದಪ್ಪವೋ ತೆಳುವೋ ಇರುತ್ತದೆ, ಸಾಲಿನಿಂದ ಒಂದು ಕೂದಲೆಳೆ ಮೇಲೆ ಕೆಳಗೆ ಕೂತಿರುತ್ತದೆ, ಹಿಂದಿನ ಬಿಳಿ ಕಾಗದದ ಬಣ್ಣಕ್ಕಿಂತ ಬೇರೆ ಬಿಳಿಯ ಚೌಕವೊಂದು ಕಾಣುತ್ತದೆ. ಪತ್ರದ ಸಂಖ್ಯೆಯ ಕೊನೆಯಲ್ಲಿರುವ ವರ್ಷವನ್ನು ತಿದ್ದಲು ಎಷ್ಟೋ ಸಲ ಮರೆತಿರುತ್ತಾರೆ.

ಎರಡನೆಯದು ವ್ಯಾಪ್ತಿ. ಇಡೀ ಜಿಲ್ಲೆಯೋ, ಕೆಲವು ತಾಲ್ಲೂಕು ಮಾತ್ರವೋ? ಬೆಳ್ತಂಗಡಿಗೆ ಕೊಟ್ಟ ರಜೆ ಮಂಗಳೂರಿಗೆ ಅನ್ವಯಿಸದೆ ಇರಬಹುದು. ಆಮೇಲೆ ‘ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜು’ ಎಂದಷ್ಟೇ ಇದ್ದರೆ ಪದವಿ ಕಾಲೇಜಿನವರಾದ ನಿಮಗೆ ರಜೆ ಇಲ್ಲ. ಪದವಿ, ಡಿಪ್ಲೊಮಾ, ಐಟಿಐ ಸೇರಿಸುವುದಾದರೆ ಹೆಸರು ಹೇಳಿಯೇ ಸೇರಿಸುತ್ತಾರೆ.

ಮೂರನೆಯದು, ಎಲ್ಲಿಂದ ಬಂತು. ಜಿಲ್ಲಾಡಳಿತದ ಅಥವಾ ವಾರ್ತಾ ಇಲಾಖೆಯ ಅಧಿಕೃತ ಖಾತೆಯಲ್ಲಿ ಇದೆಯೇ ನೋಡಿ. ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದದ್ದು, ಮೂಲ ಕಳಿಸಿದವರಿಂದ ನಿಮಗೆ ನೇರ ಬಂದದ್ದಲ್ಲ.

ಸುಳ್ಳು ಆದೇಶ ಹಂಚುವುದನ್ನು ಹುಡುಗಾಟ ಅಂತ ತಳ್ಳಿಹಾಕಬೇಡಿ. ವಿಪತ್ತಿನ ಬಗ್ಗೆ ಜನ ಗಾಬರಿಯಾಗುವಂಥ ಸುಳ್ಳು ಎಚ್ಚರಿಕೆ ಹರಡಿದರೆ ಅದೇ ಕಾಯ್ದೆಯ 54ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಇದೆ. ನಿಜವಾಗಿ ರಜೆ ಕೊಟ್ಟ ದಿನವೂ ಹಳೇ ಪಿಡಿಎಫ್ ಹರಿದಾಡಿ, ಯಾವ ತಾಲ್ಲೂಕಿಗೆ ಅನ್ನೋದು ಕಲಸಿಹೋಗಿ, ಮಕ್ಕಳು ತುಂಬಿದ ಹಳ್ಳ ದಾಟಿ ಶಾಲೆಯ ಗೇಟಿನವರೆಗೆ ಬರುವಂತಾಗುತ್ತದೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳ್ತಿರೋದು.

ಕಡಲತಡಿ

ಮೇಷ್ಟ್ರೇ, ಆ ದಿನ ವಿಶ್ವವಿದ್ಯಾಲಯದ ಪರೀಕ್ಷೆ ಇದ್ದರೆ?

ಪಿಯು ಮೇಷ್ಟ್ರು

ರಜೆ ಘೋಷಣೆಯಾದರೆ ಪರೀಕ್ಷೆ ತಾನಾಗಿ ಮುಂದೆ ಹೋಯಿತು ಅಂತ ಯಾವತ್ತೂ ಅಂದುಕೊಳ್ಳಬೇಡಿ. ಮುಂದೂಡುವ ಸುತ್ತೋಲೆ ಬರಬೇಕಾದದ್ದು ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಕಚೇರಿಯಿಂದ. ಅದರಲ್ಲಿ ವಿಷಯದ ಕೋಡ್, ಹಳೇ ದಿನಾಂಕ, ಹೊಸ ದಿನಾಂಕ ಮೂರೂ ಇರುತ್ತವೆ. ಹೊಸ ದಿನಾಂಕ ನಂತರ ತಿಳಿಸುತ್ತೇವೆ ಅಂತಲೂ ಇರಬಹುದು. ಅದು ಕಣ್ಣಿಗೆ ಬೀಳುವವರೆಗೆ ಹಾಲ್ ಟಿಕೆಟ್ ಹಿಡಿದು ಹೊರಡಲು ಸಿದ್ಧವಾಗಿರಿ. ರಾಷ್ಟ್ರ ಮಟ್ಟದ ಪ್ರವೇಶ ಪರೀಕ್ಷೆಗಳದ್ದೂ ಹೀಗೇ, ಅವು ಜಿಲ್ಲೆಯ ರಜೆಗೆ ಕಟ್ಟುಬಿದ್ದಿಲ್ಲ.

ಹಾಜರಿಯ ವಿಚಾರವನ್ನೂ ಹೇಳಿಬಿಡ್ತೇನೆ. ಘೋಷಿತ ರಜೆಯ ದಿನ ತರಗತಿಯೇ ನಡೆಯದ ಕಾರಣ ಅದು ಶೇ. 75ರ ಲೆಕ್ಕಕ್ಕೆ ಬರುವುದಿಲ್ಲ. ರಜೆ ಇಲ್ಲದೆ, ರಸ್ತೆ ಬಂದ್ ಆಗಿ ಬರಲಾಗದಿದ್ದರೆ ಅದು ಗೈರೇ. ಅಂದೇ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ, ರಸ್ತೆ ಬಂದ್ ಆದ ಪ್ರಕಟಣೆಯ ಪ್ರತಿ ಜೊತೆಗಿಡಿ. ವಾರ ಕಳೆದ ಮೇಲೆ ಹೋದರೆ ಕೇಳಿಸಿಕೊಳ್ಳುವವರು ಕಡಿಮೆ. ಕಳೆದ ತರಗತಿಯನ್ನು ಶನಿವಾರ ಮಧ್ಯಾಹ್ನ ಸರಿದೂಗಿಸುವುದು ರೂಢಿ, ಹಾಗಾಗಿ ನಿಮ್ಮ ಶನಿವಾರ ಪೂರ್ತಿ ಖಾಲಿ ಇದೆಯಾ ಅಂತಲೂ ನೋಡ್ಕೊಳ್ಳಿ.

ಘಟ್ಟದ ತಿರುವು

ಈಗ ರಸ್ತೆ. ರಾಷ್ಟ್ರೀಯ ಹೆದ್ದಾರಿ 73, ಮಂಗಳೂರಿನಿಂದ ಕೊಟ್ಟಿಗೆಹಾರಕ್ಕೆ ಸುಮಾರು ನೂರು ಕಿ.ಮೀ. 2019ರ ಆಗಸ್ಟ್‌ನಲ್ಲಿ ಇದೇ ಘಾಟಿ ಹಲವು ಕಡೆ ಜರಿದು ಬಹಳ ಕಾಲ ಬಂದ್ ಆಗಿತ್ತು, ಬುಡದಲ್ಲಿ ಮೃತ್ಯುಂಜಯ ನದಿ ಉಕ್ಕಿತ್ತು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಹಳಿಯ ಕೆಳಗಿನ ಮಣ್ಣೂ ಕೊಚ್ಚಿಹೋಗಿ ರೈಲು ನಿಂತಿತ್ತು. ಮೂರೂ ಕಡೆ ಇಳಿಜಾರು ಕಡಿದು ದಾರಿ ಮಾಡಿದ್ದು. ಕಡಿದ ಗುಡ್ಡ ಕುಡಿದ ನೀರನ್ನು ಬಿಡಲು ದಾರಿ ಬೇಕು. ಚರಂಡಿ ಕಟ್ಟಿಕೊಂಡರೆ ಒಳಗಿನ ನೀರಿನ ಒತ್ತಡ ಹೆಚ್ಚಿ ಬುಡ ಜಾರುತ್ತದೆ.

ಹತ್ತುವಾಗ ಬಲ ಎಡ ನೋಡ್ತಾ ಹೋಗಿ. ರಸ್ತೆಯಲ್ಲಿ ಉದ್ದಕ್ಕೆ ಹೊಸ ಬಿರುಕು, ಹೊಸದಾಗಿ ವಾಲಿದ ಮರ, ಬಂಡೆ ಸಂದಿಯಿಂದ ಬರುತ್ತಿದ್ದ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿರುವುದು, ಸಣ್ಣ ಕಲ್ಲು ಟಪಟಪ ಉದುರುವುದು ಕಂಡರೆ ಅಲ್ಲಿ ನಿಲ್ಲಲೇಬೇಡಿ. ಹರಿಯುತ್ತಿದ್ದ ಝರಿ ಮಳೆಯಲ್ಲೇ ನಿಂತುಹೋದರೆ ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ, ಮೇಲೆ ಎಲ್ಲೋ ಮಣ್ಣು ಕುಸಿದು ಕಟ್ಟೆ ಕಟ್ಟಿದೆ ಅಂತ ಅರ್ಥ. ಅಂಥಲ್ಲಿಂದ ದೂರ ಸರಿದು 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿ 1077ಕ್ಕೆ ಹೇಳಿ.

ಬೈಕಿನ ಇಬ್ಬರಿಗೆ: ನನ್ನ ಮಾತು ಕೇಳೋದಾದ್ರೆ ಐವರೂ ಬಸ್ಸಿಗೆ ಹೋಗಿ. ಮಂಗಳೂರು–ಚಿಕ್ಕಮಗಳೂರು ಸರ್ಕಾರಿ ಬಸ್ಸು ಇದೇ ದಾರಿಯಲ್ಲಿ ಹೋಗುತ್ತದೆ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಉಚಿತ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಸಾಕು, ರಾಜಹಂಸಕ್ಕೆ ಅನ್ವಯ ಇಲ್ಲ.

ಬೈಕೇ ಬೇಕು ಅಂದ್ರೆ ಟೈರಿನ ಸೀಳುಗಳ ಆಳ ನೋಡಿ. ಕಾನೂನಿನ ಕನಿಷ್ಠ ಆಳ ನೀರಿನ ರಸ್ತೆಗೆ ಸಾಲದು. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಿ, ಹಿಂದಿನ ಬ್ರೇಕ್ ಒಂದನ್ನೇ ಒತ್ತಿಹಿಡಿದರೆ ಚಕ್ರ ಜಾರುತ್ತದೆ. ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಜೋಡಣೆ, ಬಿದ್ದ ಎಲೆ ಇವುಗಳ ಮೇಲೆ ಬ್ರೇಕ್ ಬೇಡ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ, ಲೋ ಬೀಮ್ ಹಾಕಿ. ತಿರುವಿನಲ್ಲಿ ಫೋಟೋಗೆ ನಿಲ್ಲಿಸಬೇಡಿ, ಕೆಳಗಿನಿಂದ ಬರುವ ಬಸ್ಸಿಗೆ ತಿರುಗಿಸಿಕೊಳ್ಳಲು ಇಡೀ ರಸ್ತೆ ಬೇಕು.

ಹಾಸ್ಟೆಲ್ ಕಿಟಕಿ

ಸರಿ ಅಣ್ಣ, ಬಸ್ಸೇ. ಆಲೇಖಾನ್ ಜಲಪಾತದ ಹತ್ತಿರ ಇಳಿದು ನೀರಿನ ಪಕ್ಕ ಸ್ವಲ್ಪ ಹೊತ್ತು ಕೂರಬಹುದಾ?

ಬಂಡೆ ಪಾಚಿ

ರಸ್ತೆ ಅಂಚಿನಿಂದ ನೋಡಿ, ಬಂಡೆ ಹತ್ತಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೇನೆ.

ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಜಲಪಾತದ ಮೇಲಿನ ಜಲಾನಯನ ಬರೀ ಎರಡು ಚದರ ಕಿ.ಮೀ. ಅಂತ ಇಟ್ಟುಕೊಳ್ಳಿ. ಅಲ್ಲಿ ಒಂದು ಗಂಟೆಯಲ್ಲಿ 40 ಮಿ.ಮೀ. ಸುರಿದರೆ ಎಂಟು ಕೋಟಿ ಲೀಟರ್. ಜುಲೈ ಕೊನೆಯ ಮಣ್ಣು ಈಗಾಗಲೇ ತುಂಬಿರುವುದರಿಂದ ಅರ್ಧ ನೀರು ನೇರ ಹಳ್ಳಕ್ಕೆ ಬಂದರೂ ನಾಲ್ಕು ಕೋಟಿ. ಅದು ಒಂದು ಗಂಟೆಯಲ್ಲಿ ಇಳಿದರೆ ಸೆಕೆಂಡಿಗೆ ಹನ್ನೊಂದು ಟನ್. ಜೂನ್ ಮೊದಲ ವಾರ ಇದೇ ಮಳೆ ಬಿದ್ದಿದ್ದರೆ ಒಣ ನೆಲ ಬಹುಪಾಲನ್ನು ಕುಡಿದುಬಿಡುತ್ತಿತ್ತು. ಹಾಗಾಗಿ ‘ಜೂನ್‌ನಲ್ಲಿ ಹೋಗಿದ್ದಾಗ ಏನೂ ಆಗಲಿಲ್ಲ’ ಅನ್ನೋದು ಪುನರ್ವಸು, ಪುಷ್ಯ ಮಳೆಯ ಕಾಲಕ್ಕೆ ಲೆಕ್ಕಕ್ಕೆ ಬರಲ್ಲ.

ನೀವು ನಿಂತಲ್ಲಿ ಹನಿಯೂ ಬೀಳದೆ ಇರಬಹುದು. ಯಾವುದೇ ಹಳ್ಳದ ಬಳಿ ಇರುವಾಗ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚಿ, ಐದು ನಿಮಿಷಕ್ಕೊಮ್ಮೆ ನೋಡಿ. ನೆನೆದ ಗುರುತು ಒಂದು ಬೆರಳು ಮೇಲೇರಿದರೂ ಎದ್ದು ಹೊರಡಿ. ಅದಕ್ಕೂ ಮೊದಲು ಕಾಣೋದು ಬಣ್ಣ: ತಿಳಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹಸಿ ಎಲೆ, ಮುರಿದ ಕಡ್ಡಿ ತೇಲಿ ಬರುತ್ತವೆ. ಆಮೇಲೆ ಸದ್ದು ದಪ್ಪವಾಗುತ್ತದೆ. ಆಗ ಓಡಬೇಕಾದದ್ದು ಪಕ್ಕದ ಎತ್ತರಕ್ಕೆ, ಹಳ್ಳದ ಉದ್ದಕ್ಕೆ ಕೆಳಗಲ್ಲ. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲು ಕೀಳುತ್ತದೆ, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸುತ್ತದೆ.

ಬಂಡೆಯದ್ದು ಬೇರೆ ಅಪಾಯ. ಕಪ್ಪಗೆ ಮಿನುಗುವ ಕಡೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಎಷ್ಟು ಒಳ್ಳೆಯ ಶೂ ಆದರೂ ಹಿಡಿಯಲ್ಲ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಬಂಡೆಯಂಚಿನಿಂದ ಜಾರಿ ನೀರುಪಾಲಾದದ್ದು ನಿಂತಲ್ಲೇ ಕಾಲು ಜಾರಿ. ಈಜು ಬರುತ್ತದೆ ಅನ್ನೋದು ಅಲ್ಲಿ ಉಪಯೋಗಕ್ಕೆ ಬರಲ್ಲ.

ಕಡಲತಡಿ

ಘಾಟಿ ಬೇಡ, ಬೀಚಿಗೆ ಹೋಗೋಣ ಅನ್ನೋರಿಗೂ ಎರಡು ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ದೋಣಿಯೂ ಮಳೆಗಾಲ ಮುಗಿಯುವವರೆಗೆ ಇಲ್ಲ. ಅಲೆ ಒಡೆಯುವ ಬಿಳಿ ನೊರೆಯ ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ ಶಾಂತವಾಗಿ ಕಂಡರೆ ಅದು ನೀರಾಟಕ್ಕೆ ಒಳ್ಳೆಯ ಜಾಗ ಅಲ್ಲ. ದಡಕ್ಕೆ ಬಂದ ನೀರು ಸಮುದ್ರಕ್ಕೆ ವಾಪಸ್ ಎಳೆಯುವ ದಾರಿ ಅದೇ. ಸಿಕ್ಕಿಕೊಂಡರೆ ದಡದ ಕಡೆ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಸರಿಯಬೇಕು. ಸೋಮೇಶ್ವರದಲ್ಲಿ ಬಂಡೆಗಳೂ ಇರೋದ್ರಿಂದ ಮಳೆಗಾಲದಲ್ಲಿ ನೀರಿಗೆ ಇಳಿಯೋ ಮಾತೇ ಬೇಡ.

ಕೆಂಪುಕಲ್ಲು

ಇಂಬಳದ್ದು (ರಕ್ತ ಹೀರುವ ಜಿಗಣೆ) ಯಾರೂ ಹೇಳಲಿಲ್ಲ. ಹುಲ್ಲು, ತರಗೆಲೆ ಇರುವಲ್ಲಿ ನಿಂತರೆ ಹತ್ತುತ್ತವೆ. ಎಳೆದು ಕೀಳಬೇಡಿ, ಬೆಂಕಿ ಬೇಡ. ಉಗುರನ್ನು ಚರ್ಮಕ್ಕೆ ತಾಗಿಸಿ ಬಾಯಿಯ ಕಡೆಯಿಂದ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಲ್ಲಿ ಇರೋದ್ರಿಂದ ಗಾಯ ಸಣ್ಣದಾದರೂ ಬಹಳ ಹೊತ್ತು ಒಸರುತ್ತದೆ, ಗಾಬರಿ ಬೇಡ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಕಾಲಲ್ಲಿ ಗಾಯ ಇದ್ದವರು ನಿಂತ ಕೊಳೆ ನೀರಲ್ಲಿ ನಡೆಯಬೇಡಿ, ಇಲಿಜ್ವರ ಬರೋದು ಹಾಗೆ. ತಿರುಗಾಟ ಮುಗಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು ಬಂದರೆ ಡಾಕ್ಟರಿಗೆ ಹಳ್ಳದ ನೀರಿನಲ್ಲಿ ನಡೆದದ್ದನ್ನು ಮರೆಯದೆ ಹೇಳಿ.

ಹಾಸ್ಟೆಲ್ ಕಿಟಕಿ

ಎಲ್ಲರಿಗೂ ತುಂಬಾ ಧನ್ಯವಾದ. ಪಿಡಿಎಫ್ ಮತ್ತೆ ತೆಗೆದು ನೋಡಿದೆವು. ಮೇಲೆ ಈ ವರ್ಷದ ದಿನಾಂಕ, ಪತ್ರದ ಸಂಖ್ಯೆಯಲ್ಲಿ ಹಿಂದಿನ ವರ್ಷ. ಕ್ಲಾಸಿನ ಗ್ರೂಪಿಗೆ ‘ಇದು ಸುಳ್ಳು, ಇಲ್ಲಿ ನೋಡಿ’ ಅಂತ ಆ ಸಾಲಿಗೆ ಗೆರೆ ಎಳೆದು ಹಾಕಿದ್ದೇವೆ. ಶನಿವಾರಕ್ಕೆ ಹೀಗೆ ಅಂದುಕೊಂಡಿದ್ದೇವೆ: ಎರಡು ಜಿಲ್ಲೆಯಲ್ಲಿ ಒಂದು ಕಡೆ ಕೆಂಪಿದ್ದರೂ ಹೋಗಲ್ಲ. ಕಿತ್ತಳೆ ಇದ್ದರೆ ಬಣಕಲ್ ಹೋಬಳಿಯ ಮೂರು ದಿನದ ಮಳೆ ಕೂಡಿಸಿ ನೋಡಿ ತೀರ್ಮಾನ. ಎಷ್ಟಿದ್ದರೆ ಬೇಡ ಅನ್ನಬೇಕು?

ಮಳೆಮಾಪಕ

ಎಲ್ಲ ಗುಡ್ಡಕ್ಕೂ ಒಂದೇ ಅಂಕಿ ಹೇಳಲು ಆಗಲ್ಲ. ಮಣ್ಣು, ಇಳಿಜಾರು, ಕಡಿದ ರೀತಿ ಬೇರೆ ಬೇರೆ. ಕಿತ್ತಳೆಯ ದಿನ ಘಾಟಿಯನ್ನೇ ಬಿಟ್ಟುಬಿಡಿ, ಮೂರು ದಿನದ ಲೆಕ್ಕವನ್ನು ಹಳದಿಯ ದಿನಕ್ಕೆ ಇಟ್ಟುಕೊಳ್ಳಿ. ಹಳದಿ ಇದ್ದೂ ಹಿಂದಿನ ಮೂರು ದಿನ ಪ್ರತಿದಿನ ‘ಭಾರಿ’ ವರ್ಗ ದಾಟಿದ್ದರೆ ಆಗಲೂ ಬೇಡ. ಘಾಟಿ ಇನ್ನೊಂದು ವಾರಕ್ಕೂ ಅಲ್ಲೇ ಇರುತ್ತದೆ.

ಘಟ್ಟದ ತಿರುವು

ಹೋಗುವುದಾದರೆ ಬೆಳಗ್ಗೆ ಆರೂವರೆಯೊಳಗೆ ಮಂಗಳೂರು ಬಿಡಿ. ಕೊಟ್ಟಿಗೆಹಾರದಲ್ಲಿ ಇಳಿದ ಕೂಡಲೇ, ನೀರುದೋಸೆಗೆ ಕೂರುವ ಮುಂಚೆ, ಕೆಳಗಿಳಿಯುವ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಅಲ್ಲೇ ವಿಚಾರಿಸಿ. ರಾತ್ರಿ ಸಂಚಾರಕ್ಕೆ ತಡೆ ಇದೆಯೇ ಅಂತ ಚೆಕ್‌ಪೋಸ್ಟಿನಲ್ಲಿ ಕೇಳಿ. ಕೊನೇ ಬಸ್ಸಿಗೆ ಕಾಯದೆ ಅದರ ಹಿಂದಿನದ್ದನ್ನು ಹಿಡಿಯಿರಿ. ಕೆಳಗೆ ಮರ ಬಿದ್ದು ಒಂದು ಬಸ್ಸು ನಿಂತರೆ, ಇನ್ನೊಂದಕ್ಕೆ ಕಾಯುವಷ್ಟು ಹಗಲು ಉಳಿದಿರಬೇಕು.